ಗಾರೆ ಬೀಳುವ ಮುನ್ನ

ಹರದನಹಳ್ಳಿಯಲ್ಲಾಗಲಿ, ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಇತರ ಊರುಗಳಲ್ಲಾಗಲಿ ಹೊಸ ಮನೆಯೊಂದು ಏಳುವಾಗ ಯೋಚನೆಗೆ ಕೊರತೆಯಿರುವುದಿಲ್ಲ. ಪಾಯದ ಪೂಜೆಗೆ ದಿನ ನೋಡಲಾಗುತ್ತದೆ. ತಲೆಬಾಗಿಲು ಯಾವ ದಿಕ್ಕಿಗಿರಬೇಕೆಂದು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಆದರೆ ವಿದ್ಯುತ್ ತಂತಿಯು ಯಾವ ದಾರಿಯಲ್ಲಿ ಹಾಯಬೇಕು, ಯಾವ ಗೋಡೆಗೆ ಎಷ್ಟು ಪ್ಲಗ್ಗು ಬೇಕು ಎಂಬ ಪ್ರಶ್ನೆಯು ಮಾತ್ರ ಗಾರೆ ಬಿದ್ದು ಒಣಗಿದ ಮೇಲೆ ಹುಟ್ಟುತ್ತದೆ. ಅಷ್ಟರಲ್ಲಿ ಕೈಯ ಹಣವೂ ಕರಗಿರುತ್ತದೆ. ವೈರಿಂಗ್ ಕೆಲಸಗಾರನು ಹೊಸ ಗೋಡೆಯನ್ನೇ ಕಡಿದು, ಸಿಕ್ಕಿದ ಜಾಗದಲ್ಲಿ ಕೊಳವೆ ತೂರಿಸಿ, ಕೋಣೆಗೊಂದು ಬಲ್ಬು, ಒಂದು ಫ್ಯಾನು, ಒಂದು ಪ್ಲಗ್ಗು ಎಂಬ ಲೆಕ್ಕದಲ್ಲಿ ಕೆಲಸ ಮುಗಿಸುತ್ತಾನೆ. ವಾಸ್ತು ನೋಡುವವರು ಅಗ್ನಿಮೂಲೆಯಲ್ಲಿ ಒಲೆ ಇಡಿಸುತ್ತಾರೆ. ಆ ಒಲೆಯ ಪಕ್ಕದ ಪ್ಲಗ್ಗಿಗೆ ಬೆಂಕಿ ಹತ್ತದಂತೆ ನೋಡುವ ಹೊಣೆಯು ಮಾತ್ರ ಯಾರದೂ ಅಲ್ಲ.

ಈ ಉದಾಸೀನಕ್ಕೆ ಒಂದು ಹಿನ್ನೆಲೆಯಿದೆ. ನೆರೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಆ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಜಲಪಾತದ ಸದ್ದಿಗೆ ಹತ್ತಿರವಿದ್ದ ಹಳ್ಳಿಗಳು ದಶಕಗಟ್ಟಲೆ ಬುಡ್ಡಿದೀಪದಲ್ಲೇ ಉಳಿದವು. ಕೊನೆಗೆ ಭಾಗ್ಯಜ್ಯೋತಿ ಯೋಜನೆಯು ಬಡವರ ಮನೆಗೆ ಬಂದಾಗ ಅದು ತಂದದ್ದು 40 ವಾಟಿನ ಒಂದೇ ಒಂದು ಬಲ್ಬನ್ನು. ನಡುಮನೆಯ ತೊಲೆಗೆ ನೇತುಬಿದ್ದ ಆ ಬಲ್ಬಿನ ಚಿತ್ರವು ಮನಸ್ಸಿನಿಂದ ಇನ್ನೂ ಅಳಿದಿಲ್ಲವೆಂದು ತೋರುತ್ತದೆ. ಮನೆಯೊಳಗೆ ಮಿಕ್ಸಿ, ಫ್ರಿಜ್ಜು, ಟಿವಿ, ನೀರಿನ ಮೋಟಾರು, ಇಂಡಕ್ಷನ್ ಒಲೆ, ಆಳಿಗೊಂದು ಮೊಬೈಲು ಬಂದಿವೆ. ತಂತಿಯ ಯೋಜನೆ ಮಾತ್ರ ಆ ಒಂಟಿ ಬಲ್ಬಿನ ಕಾಲದ್ದು.

ತಾರಸಿಗೆ ಕಾಂಕ್ರೀಟು ಸುರಿಯುವುದಕ್ಕೆ ಮೊದಲೇ ಕೊಳವೆಗಳೂ ಫ್ಯಾನಿನ ಡಬ್ಬಿಗಳೂ ಕಬ್ಬಿಣದ ಜಾಲದ ನಡುವೆ ಕೂತಿರಬೇಕು. ಅದಕ್ಕೂ ಮೊದಲು ಮನೆಯವರು, ಮುಖ್ಯವಾಗಿ ಅಡಿಗೆಮನೆಯಲ್ಲಿ ದುಡಿಯುವ ಹೆಂಗಸರು, ಇಟ್ಟಿಗೆಯ ಗೋಡೆಗಳ ನಡುವೆ ಒಮ್ಮೆ ನಿಧಾನವಾಗಿ ನಡೆದಾಡಬೇಕು. ಮಂಚ ಎಲ್ಲಿ ಬರುತ್ತದೆ, ಬೀರು ಯಾವ ಗೋಡೆಗೆ, ಮಿಕ್ಸಿ ಕಲ್ಲಿನ ಯಾವ ತುದಿಯಲ್ಲಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆಯೇ ಬರೆದಿಡಬೇಕು. ತೆರೆದ ಬಾಗಿಲಿನ ಹಿಂದೆ ಅಡಗಿದ ಸ್ವಿಚ್ಚು, ಬೀರುವಿನ ಹಿಂದೆ ಮುಚ್ಚಿಹೋದ ಪ್ಲಗ್ಗು ಇವೆಲ್ಲ ನಕ್ಷೆಯಿಲ್ಲದ ಕೆಲಸದ ಫಲಗಳು. ಓದುವ ಮಕ್ಕಳಿರುವ ಮನೆಯಲ್ಲಿ ಮೇಜಿನ ಜಾಗ ಮೊದಲೇ ಗೊತ್ತಾಗಬೇಕು. ನಡುಚಾವಣಿಯ ದೀಪಕ್ಕೆ ಬೆನ್ನು ಮಾಡಿ ಕುಳಿತ ವಿದ್ಯಾರ್ಥಿಯು ತನ್ನ ನೆರಳಿನಲ್ಲೇ ಓದಬೇಕಾಗುತ್ತದೆ. ಮೇಜಿನ ಪಕ್ಕದಲ್ಲೊಂದು 9 ವಾಟಿನ ಎಲ್‌ಇಡಿ ದೀಪವಿದ್ದರೆ ಆ ತೊಂದರೆ ತೀರುತ್ತದೆ. ಮೆಟ್ಟಿಲಿರುವಲ್ಲಿ ಕೆಳಗೂ ಮೇಲೂ ಒತ್ತಬಹುದಾದ ಎರಡು ಸ್ವಿಚ್ಚಿನ ಏರ್ಪಾಡು ವಯಸ್ಸಾದವರ ಕಾಲನ್ನು ಉಳಿಸುತ್ತದೆ.

ಮಣ್ಣಿನ ಗೋಡೆಯ ಮನೆ ಕಟ್ಟುವವರಿಗೆ ಬೇರೆ ಮಾತು. ಮಣ್ಣಿನ ಗೋಡೆಯನ್ನು ಉದ್ದಕ್ಕೆ ಕಡಿದರೆ ಅದರ ಬಲವೇ ಕುಗ್ಗುತ್ತದೆ. ಅಲ್ಲಿ ಹೊರಮೈಯಲ್ಲೇ ಕೊಳವೆ ಹಾಯಿಸುವುದು ಲೇಸು. ನೋಟಕ್ಕೆ ಅಷ್ಟು ಅಂದವಿರದು, ಆದರೆ ಕೆಟ್ಟಾಗ ಗೋಡೆ ಒಡೆಯದೆ ಸರಿಪಡಿಸಬಹುದು.

ತಂತಿಯ ದಪ್ಪದ ವಿಷಯದಲ್ಲಿ ಊಹೆಗೆ ಅವಕಾಶವಿಲ್ಲ. ಪ್ರೌಢಶಾಲೆಯಲ್ಲಿ ಓಮನ ನಿಯಮ ಓದಿದ ಯಾವ ವಿದ್ಯಾರ್ಥಿಯಾದರೂ ಲೆಕ್ಕ ಹಾಕಬಹುದು. ಬಚ್ಚಲಿನ 3000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಮೀಟರ್ ಹಲಗೆಯಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದರೆ ಹೋಗಿಬರುವ ತಂತಿಯ ಉದ್ದ 40 ಮೀಟರ್. ದೀಪಕ್ಕೆ ಬಳಸುವ 1.5 ಚದರ ಮಿ.ಮೀ. ತಾಮ್ರದ ತಂತಿಯನ್ನೇ ಗೀಸರಿಗೂ ಎಳೆದರೆ ಗೋಡೆಯೊಳಗೆ ಸುಮಾರು 78 ವಾಟಿನಷ್ಟು ಶಾಖ ವ್ಯರ್ಥವಾಗಿ ಹುಟ್ಟುತ್ತದೆ. 4 ಚದರ ಮಿ.ಮೀ. ತಂತಿಯಾದರೆ ಅದು 29 ವಾಟಿಗೆ ಇಳಿಯುತ್ತದೆ. ವಿದ್ಯುತ್ ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುತ್ತದೆ ಎಂಬುದೇ ಇಲ್ಲಿನ ಗುಟ್ಟು. ಸಡಿಲವಾದ ಜೋಡಣೆಯೊಂದಿದ್ದರೆ ಶಾಖವು ಆ ಒಂದು ಬಿಂದುವಿನಲ್ಲೇ ಶೇಖರಗೊಂಡು ಹೊದಿಕೆಯನ್ನು ಸುಡುತ್ತದೆ. ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಡಬ್ಬಿ ಸಿಕ್ಕಿಸಿ, ಅದಕ್ಕೆ ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳನ್ನು ಜೋಡಿಸುವ ಮನೆಗಳಲ್ಲಿ ನಡೆಯುವುದೂ ಇದೇ.

ಆದ್ದರಿಂದಲೇ ದೀಪ–ಫ್ಯಾನುಗಳ ದಾರಿ ಬೇರೆ, ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳ ದಾರಿ ಬೇರೆ ಇರಬೇಕು. ದೀಪದ ಒಂದು ಸರ್ಕೀಟಿಗೆ ಹತ್ತಕ್ಕಿಂತ ಹೆಚ್ಚು ಪಾಯಿಂಟುಗಳಾಗಲಿ 800 ವಾಟಿಗಿಂತ ಹೆಚ್ಚಿನ ಹೊರೆಯಾಗಲಿ ಕೂಡದೆಂಬುದು ಭಾರತೀಯ ವೈರಿಂಗ್ ಸಂಹಿತೆಯಲ್ಲಿ ಬಹುಕಾಲದಿಂದ ಬಂದಿರುವ ನಿಯಮ. ಅಡಿಗೆಮನೆಗೆ ಪ್ರತ್ಯೇಕ ಸರ್ಕೀಟು, ಗೀಸರಿಗೆ ಪ್ರತ್ಯೇಕ, ಮೋಟಾರಿಗೆ ಪ್ರತ್ಯೇಕ. ಪ್ರತಿಯೊಂದಕ್ಕೂ ತಂತಿಯ ದಪ್ಪಕ್ಕೆ ಹೊಂದುವ ಎಂಸಿಬಿ. ತಂತಿ ತೆಳ್ಳಗಿದ್ದು ಎಂಸಿಬಿ ದೊಡ್ಡದಾದರೆ ಅದು ಕಾವಲುಗಾರನಲ್ಲ, ಬರಿಯ ಸ್ವಿಚ್ಚು. ಇವೆಲ್ಲಕ್ಕೂ ಐಎಸ್‌ಐ ಗುರುತಿರಬೇಕು, ಸ್ವಿಚ್ಚು ಯಾವಾಗಲೂ ಫೇಸ್ ತಂತಿಯಲ್ಲೇ ಇರಬೇಕು ಎಂಬುದನ್ನು ವಿಸ್ತರಿಸಬೇಕಾಗಿಲ್ಲ.

ವಿಸ್ತರಿಸಬೇಕಾದದ್ದು ಭೂಸಂಪರ್ಕವನ್ನು, ಅಂದರೆ ಜನ ಅರ್ಥಿಂಗ್ ಎನ್ನುವುದನ್ನು. ಚಾಮರಾಜನಗರದ ಬಯಲುಸೀಮೆ ಮಳೆನೆರಳಿನ ನೆಲ. ಬೇಸಗೆಯಲ್ಲಿ ಕೆಮ್ಮಣ್ಣು ಆಳದವರೆಗೆ ಒಣಗುತ್ತದೆ. ಒಣಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯ ಅರ್ಥ್ ಕೊಳವೆಗೆ 20 ಓಮ್ ರೋಧವಿದೆಯೆಂದುಕೊಂಡರೆ, ಫ್ರಿಜ್ಜಿನ ಲೋಹದ ಮೈಗೆ ಫೇಸ್ ತಗುಲಿದಾಗ ಭೂಮಿಗೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದನ್ನು ಗಮನಿಸುವುದೇ ಇಲ್ಲ. ಫ್ರಿಜ್ಜಿನ ಮೈಯಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಒದ್ದೆ ಕೈಯ ಮಗುವೊಂದು ಬಂದು ಮುಟ್ಟುವವರೆಗೆ. ಮನೆಯಲ್ಲಿ ಫ್ಯೂಸು ಇದೆಯಲ್ಲ ಎಂಬ ಸಮಾಧಾನವು ಎಷ್ಟು ಟೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವು ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಇರುವ ಅಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಿ, ಕಣ್ಣೆವೆ ಮುಚ್ಚುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯಬೇಕು. ಅದರ ಬಾಯಿಯನ್ನು ಅಂಗಳದ ಸಿಮೆಂಟಿನಡಿ ಮುಚ್ಚಿಬಿಡಬಾರದು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಎರಡು ಕಂಡಿಗೆ ತುರುಕುವ ಜಾಣತನವನ್ನೂ ಬಿಡಬೇಕು.

ಮನೆಯ ಯೋಜನೆಯು ಗೋಡೆಗೆ ಮುಗಿಯುವುದಿಲ್ಲ. ಕೊಟ್ಟಿಗೆಗೆ, ರೇಷ್ಮೆಹುಳುವಿನ ಮನೆಗೆ, ನೀರಿನ ತೊಟ್ಟಿಗೆ ಆಮೇಲೆ ತಂತಿ ಬೇಕಾಗುತ್ತದೆ. ಮೊದಲೇ ದಾರಿ ಬಿಡದಿದ್ದರೆ ಮರದ ಕೊಂಬೆಯಿಂದ ಕೊಂಬೆಗೆ, ಬಟ್ಟೆ ಹರವುವ ಹಗ್ಗದಂತೆ ತಂತಿ ತೂಗುತ್ತದೆ. ಹಸುವಿನ ಮೈ ನೆಂದಿರುತ್ತದೆ, ನೆಲ ಗಂಜಲದಿಂದ ಒದ್ದೆಯಾಗಿರುತ್ತದೆ; ಅಲ್ಲಿ ಸುಲಿದ ತಂತಿಯೊಂದು ಸಾಕು. ಕಾಡಂಚಿನ ಊರುಗಳಲ್ಲಿ ಇದಕ್ಕಿಂತ ದೊಡ್ಡ ಕೇಡು ಇದೆ. ಮನೆಯ ಸಂಪರ್ಕದಿಂದಲೇ ಬೇಲಿಗೆ ನೇರ ವಿದ್ಯುತ್ ಹಾಯಿಸುವುದರಿಂದ ಆನೆ ಸತ್ತಿದೆ, ಜಿಂಕೆ ಸತ್ತಿದೆ, ರಾತ್ರಿ ಹೊಲಕ್ಕೆ ಹೋದ ಮನುಷ್ಯನೂ ಸತ್ತಿದ್ದಾನೆ. ಸೌರಬೇಲಿಯ ಯಂತ್ರವು ಕ್ಷಣಮಾತ್ರದ ಪೆಟ್ಟು ಕೊಟ್ಟು ಬಿಡುತ್ತದೆ. 230 ವೋಲ್ಟಿನ ಮನೆಯ ವಿದ್ಯುತ್ತು ಹಿಡಿದದ್ದನ್ನು ಬಿಡುವುದಿಲ್ಲ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ. ಆದರೆ ಇದು 1972ರ ವನ್ಯಜೀವಿ ಕಾಯಿದೆಯಡಿಯೂ 2003ರ ವಿದ್ಯುತ್ ಕಾಯಿದೆಯಡಿಯೂ ಅಪರಾಧವೆಂಬುದನ್ನು, ಅದಕ್ಕಿಂತ ಮಿಗಿಲಾಗಿ ಅದೇ ಬೇಲಿಗೆ ನೆರೆಮನೆಯ ಮಗು ಒರಗಬಹುದೆಂಬುದನ್ನು ಮರೆಯುವಂತಿಲ್ಲ.

ಇನ್ನು ಬಳಕೆಯ ಮಾತು. ಗೃಹಜ್ಯೋತಿ ಯೋಜನೆಯು 2023ರಲ್ಲಿ ಆರಂಭವಾದ ಮೇಲೆ ಮಿತವ್ಯಯದ ಮಾತನ್ನು ಕೇಳುವವರು ಕಡಿಮೆಯಾಗಿದ್ದಾರೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದ ಮನೆಗೆ ಪೂರ್ತಿ ಬಿಲ್ಲು ಬರುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋದ ಆಸುಪಾಸು ಕಲ್ಲಿದ್ದಲು ಉರಿಯುತ್ತದೆಂಬುದು ಬಿಲ್ಲಿನಲ್ಲಿ ಕಾಣದ ಲೆಕ್ಕ. ಎದುರುಬದುರು ಕಿಟಕಿಯಿರುವ ಕೋಣೆಗೆ ಹಗಲಿನಲ್ಲಿ ದೀಪ ಬೇಡ. 75 ವಾಟಿನ ಹಳೆಯ ಫ್ಯಾನಿನ ಬದಲು 30 ವಾಟಿನ ಬಿಎಲ್‌ಡಿಸಿ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿಯುತ್ತದೆ. ಬಿಸಿನೀರಿಗೆ ಸೂರ್ಯನಿರುವ ಸೀಮೆಯಲ್ಲಿ ಗೀಸರು ಅಪರೂಪದ ಆಪದ್ಬಂಧುವಾಗಿದ್ದರೆ ಸಾಕು. ಮಾಡಿನ ಸೌರಫಲಕಕ್ಕೆ ಇಂದು ಹಣವಿಲ್ಲದಿರಬಹುದು. ಆದರೂ ತಾರಸಿಯಿಂದ ಮೀಟರ್ ಹಲಗೆಯವರೆಗೆ ಖಾಲಿ ಕೊಳವೆಯೊಂದನ್ನು ಗೋಡೆಯಲ್ಲಿ ಹೂತಿಡಲು ಹೆಚ್ಚು ಖರ್ಚಿಲ್ಲ. 2024ರಲ್ಲಿ ಘೋಷಿತವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಫಲಕಕ್ಕೆ 78,000 ರೂಪಾಯಿಯ ಸಹಾಯಧನ ನಿಗದಿಯಾಗಿತ್ತು. ಮುಂದೆ ಫಲಕ ಹಾಕಿಸುವಾಗ ಆ ಕೊಳವೆಯಿದ್ದ ಮನೆಗೆ ಗೋಡೆ ಒಡೆಯುವ ಕೆಲಸವಿರುವುದಿಲ್ಲ.

ಸಾಲ ಮಾಡಿ ಮನೆ ಕಟ್ಟುವವರಿಗೆ ಇದೆಲ್ಲ ದುಬಾರಿಯೆನಿಸುವುದು ಸಹಜ. ಉಳಿಸಬೇಕಾದ ಜಾಗ ಬೇರೆಯಿದೆ. ಬಣ್ಣದ ಸ್ವಿಚ್ಚು ಫಲಕಗಳು, ಚಾವಣಿಯಡಿ ಚಾವಣಿ ಮಾಡಿ ಅಡಗಿಸುವ ಅಲಂಕಾರದ ದೀಪಗಳು ಮುಂದಿನ ವರ್ಷಕ್ಕೆ ಕಾಯಬಲ್ಲವು. ತಂತಿ, ಅರ್ಥಿಂಗ್, ಆರ್‌ಸಿಸಿಬಿಗಳು ಕಾಯಲಾರವು. ಪರವಾನಗಿ ಪಡೆದ ಗುತ್ತಿಗೆದಾರನ ರುಜುವನ್ನಷ್ಟೇ ಕೊಂಡು, ಕೆಲಸವನ್ನು ಕಲಿಯುತ್ತಿರುವ ಹುಡುಗನಿಂದ ಮಾಡಿಸುವುದು ಉಳಿತಾಯವಲ್ಲ.

ಕೊಳವೆಗಳನ್ನೆಲ್ಲ ಕೂರಿಸಿ ಮುಗಿದ ದಿನ, ಗಾರೆಯವನು ಕರಣೆ ಎತ್ತುವ ಮೊದಲು, ಮನೆಯ ವಿದ್ಯಾರ್ಥಿಯೊಬ್ಬನು ಗೋಡೆಗೆ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಲಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಹಾಳೆಯ ಮೇಲೆ ಬರೆದು ಮನೆಯ ಪತ್ರಗಳ ಜೊತೆಗಿಡಲಿ. ಹತ್ತು ವರ್ಷದ ಮೇಲೆ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುವವರಿಗೆ ಆ ಹಾಳೆ ಬೇಕಾಗುತ್ತದೆ.