ಹಳೆ ಕಾರಿಗೆ ಶುಲ್ಕ ಏರಿಸಿದ್ರೆ ಬ್ರೇಕ್ ಹಿಡಿಯುತ್ತಾ?

1970ರ ಫಿಯಟ್ 1100, 1990ರ ಪ್ರೀಮಿಯರ್ ಪದ್ಮಿನಿ. ಹೆಸರು ಬೇರೆ, ಕಾರು ಹೆಚ್ಚೂಕಡಿಮೆ ಒಂದೇ. ಎರಡಕ್ಕೂ ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್. ಆದರೆ ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ಜಾತಿ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನಿಯಮ ತಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು ‘ವಿಂಟೇಜ್’. ಮೊದಲ ನೋಂದಣಿಗೆ 20,000 ರೂ., ಅದು 10 ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000 ರೂ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗೆ ಮಾತ್ರ. ಇನ್ನೊಂದು ಕಡೆ, 20 ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ರೂ.ಗೆ ಏರಿತು. ಅದು ಐದೇ ವರ್ಷಕ್ಕೆ. ಅಂದರೆ ಶೋಕಿಗೆ ಇಟ್ಟ ಕಾರು ಪರಂಪರೆ, ದುಡಿಯುವ ಕಾರು ಗುಜರಿ.

ರಸ್ತೆ ಸುರಕ್ಷತೆಗಾಗಿ ಹೀಗೆ ಮಾಡಿದ್ದೇವೆ ಅನ್ನೋದು ಸರ್ಕಾರದ ವಾದ. ಒಪ್ಪೋಣ. ನವೀಕರಣಕ್ಕೆ ಆರ್‌ಟಿಒ ತಪಾಸಣೆಯೂ ಇದೆ. ಆದರೆ ಬ್ರೇಕ್ ಹಿಡಿಯದಿದ್ದರೆ ಸಾಮಾನು ಎಲ್ಲಿಂದ ತರಬೇಕು, ಯಾರು ಕೂರಿಸಬೇಕು ಅನ್ನೋದಕ್ಕೆ ಯಾವ ನಿಯಮದಲ್ಲೂ ಉತ್ತರ ಇಲ್ಲ.

ಸಾಮಾನು ಸಿಗೋದು ಹೇಗೆ?

ಪದ್ಮಿನಿ ತಯಾರಿಕೆ ನಿಂತು ಕಾಲು ಶತಮಾನ ಆಯ್ತು. ಅಂಬಾಸಿಡರ್ 2014ರಲ್ಲಿ ನಿಂತಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಇಂಥ ಕಾರು ಇಟ್ಟುಕೊಂಡವರಿಗೆ ಕೊನೆಯ ದಾರಿ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲೂ ಕಾರಿನ ಹೆಸರು ಹೇಳಿದರೆ ಸಾಲದು. ಹಳೆ ಸಾಮಾನನ್ನೇ ಕೈಯಲ್ಲಿ ಹಿಡಿದು, ವೀಲ್ ಸಿಲಿಂಡರ್‌ನ ಅಳತೆ ನೋಡಿ ಹೊಂದಿಸಬೇಕು. ರಬ್ಬರ್ ಕಿಟ್ ‘ಹೊಸದು’ ಅಂದರೂ ವರ್ಷಗಟ್ಟಲೆ ಡಬ್ಬಿಯಲ್ಲಿದ್ದರೆ ಗಟ್ಟಿಯಾಗಿರುತ್ತೆ. ಹಾಕಿದರೆ ಆಯಿಲ್ ಸೋರುತ್ತೆ. ಹೊಸ ಶೂ ಸಿಗದಿದ್ದರೆ ಹಳೆ ಶೂಗೇ ಹೊಸ ಲೈನಿಂಗ್ ರಿವೆಟ್ ಹೊಡೆಸಬೇಕು. ಗೆರೆ ಬಿದ್ದ ಡ್ರಮ್ಮನ್ನು ಲೇತ್‌ಗೆ ಹಾಕಿ ಸಾಪು ಮಾಡಿಸಬೇಕು. ಅಳತೆ ಮೀರಿ ತೆಗೆದರೆ ಡ್ರಮ್ ತೆಳುವಾಗಿ ಬಿರುಕು ಬಿಡುತ್ತೆ.

ಆಮೇಲೆ ಅಡ್ಜಸ್ಟ್ ಮಾಡುವ ಕೆಲಸ. ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಶೂ ಡ್ರಮ್ಮಿಗೆ ಕಚ್ಚುವವರೆಗೆ ಅಡ್ಜಸ್ಟರ್ ತಿರುಗಿಸಬೇಕು. ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಪೆಡಲ್ ಒತ್ತಿ ಶೂ ಸರಿಯಾಗಿ ಕೂತ ಮೇಲೆ ಮತ್ತೆ ನೋಡಬೇಕು. ಎಡಕ್ಕೂ ಬಲಕ್ಕೂ ಒಂದೇ ಹದ ಬರಬೇಕು, ಇಲ್ಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಇದು ಕೈಯಿಂದ ಕೈಗೆ ಬಂದ ವಿದ್ಯೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಕೊಟ್ಟಿದ್ದೇವೆ. ಡ್ರಮ್ ಸಾಪು ಮಾಡುವ ಲೇತ್ ಕೆಲಸಗಾರರ ಕೌಶಲಕ್ಕೆ ಒಂದು ಪ್ರಮಾಣಪತ್ರವಾದರೂ ಬೇಡವೇ?

ಇದು ಮುಗಿದ ಕಾಲದ ಮಾತಲ್ಲ

ಡ್ರಮ್ ಬ್ರೇಕ್ ಅಂದರೆ ತಾತನ ಕಾಲದ್ದು ಅಂದುಕೊಳ್ಳಬೇಡಿ. ಇದೇ ಜಿಲ್ಲೆಯ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾದ ಹಿಂದಿನ ಚಕ್ರಕ್ಕೆ ಇರೋದು ಡ್ರಮ್ ಬ್ರೇಕೇ. ಫೋಕ್ಸ್‌ವ್ಯಾಗನ್‌ನ ಎಲೆಕ್ಟ್ರಿಕ್ ಕಾರು ಐಡಿ.4ಗೂ ಅಷ್ಟೇ. ಯುರೋಪಿನ ‘ಯೂರೋ 7’ ನಿಯಮ ಬ್ರೇಕ್ ಧೂಳಿಗೂ ಮಿತಿ ಹಾಕಿದೆ. ಡ್ರಮ್ ಮುಚ್ಚಿರುವುದರಿಂದ ಧೂಳು ಬಹುಪಾಲು ಒಳಗೇ ಉಳಿಯುತ್ತೆ.

ಒಳಗೆ ಉಳಿದ ಧೂಳು ಕೊನೆಗೆ ಹೋಗೋದು ಎಲ್ಲಿಗೆ? ಡ್ರಮ್ ಬಿಚ್ಚುವ ಮೆಕ್ಯಾನಿಕ್‌ನ ಮೂಗಿಗೆ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಕ್ಯಾನ್ಸರ್ ತರುವ ವಸ್ತು ಅನ್ನೋದರಲ್ಲಿ ಅನುಮಾನ ಇಲ್ಲ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ, ಭಾರತ ಬಿಳಿ ಆಸ್ಬೆಸ್ಟಾಸ್ ಆಮದನ್ನು ಇನ್ನೂ ನಿಲ್ಲಿಸಿಲ್ಲ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ಮೂಲಭೂತ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಏರ್ ಪೈಪ್ ಹಿಡಿದು ಡ್ರಮ್ ಊದುವ ಹುಡುಗನಿಗೆ ಈ ಮಾತು ಹೇಳಿದವರು ಯಾರು? ಗಾಳಿ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಪಾಯ ಎಷ್ಟೋ ಕಡಿಮೆಯಾಗುತ್ತೆ. ಖರ್ಚೂ ಇಲ್ಲ.

ಏನು ಕೇಳಬೇಕು?

ಒಂದು: ಕೇಂದ್ರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಕಂಪನಿಯೇ ಕಾರು ನಿಲ್ಲಿಸಿದ ಮೇಲೆ ಪೋರ್ಟಲ್‌ನಲ್ಲಿ ಫೋನ್ ನಂಬರ್ ಇದ್ದು ಏನು ಪ್ರಯೋಜನ? ತಯಾರಿಕೆ ನಿಂತ ಮಾದರಿಗಳ ಬ್ರೇಕ್ ಭಾಗಗಳ ಅಳತೆ, ನಕ್ಷೆ ಸಾರ್ವಜನಿಕವಾಗಬೇಕು. ಸಣ್ಣ ಘಟಕಗಳು ಪರೀಕ್ಷೆ ಮಾಡಿಸಿ ತಯಾರಿಸುವಂತಾಗಬೇಕು. ಕನಕಪುರದಲ್ಲಿ ಸರ್ಕಾರದ್ದೇ ಜಿಟಿಟಿಸಿ ಕೇಂದ್ರ ಇದೆ, ಅಲ್ಲಿಂದಲೇ ಶುರು ಮಾಡಬಹುದು.

ಎರಡು: ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗೆ ರಾಜ್ಯದಲ್ಲಿ 2024ರ ಕಾಯ್ದೆ ಇದೆ, ಅದರ ನಿಧಿಗೆ ಹೊಸ ಬೈಕಿಗೆ 500, ಕಾರಿಗೆ 1,000 ರೂ. ಸೆಸ್ ಇದೆ. ಆ ದುಡ್ಡಿನಲ್ಲಿ ಗ್ಯಾರೇಜ್ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶ್ವಾಸಕೋಶ ತಪಾಸಣೆ ಆಗಲಿ.

ಮೂರು: ಶುಲ್ಕ ಕಾರಿನ ವಯಸ್ಸಿಗಲ್ಲ, ಸ್ಥಿತಿಗೆ ತಕ್ಕಂತೆ ಇರಲಿ. ಬ್ರೇಕ್ ಪರೀಕ್ಷೆ ಪಾಸಾದ ಹಳೆ ಕಾರಿಗೆ ರಿಯಾಯಿತಿ ಕೊಡಿ.

2025ರ ಮೇನಲ್ಲಿ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟಿತು. ಬೋರ್ಡ್ ಬದಲಾದರೂ ಒಂದು ರಬ್ಬರ್ ಕಿಟ್‌ಗೆ ಜನ ಇವತ್ತಿಗೂ ಜೆ.ಸಿ. ರಸ್ತೆಗೇ ಬಸ್ ಹತ್ತಬೇಕು. ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ಇದನ್ನೂ ಕೇಳಿ.