ಮದರಾಸಿನ ಲಾಯಗಳು, ಹುಟ್ಟದೆ ಹೋದ ಮರಿಗಳು

ಮದರಾಸಿನ ಗಿಂಡಿಯ ರೇಸ್ ಮೈದಾನದ ಗುತ್ತಿಗೆಯನ್ನು ತಮಿಳುನಾಡು ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದಾಗ ಮಾತೆಲ್ಲ ಬಾಡಿಗೆಯ ಬಾಕಿ ಮತ್ತು 160 ಎಕರೆ ನೆಲದ ಬೆಲೆಯ ಸುತ್ತಲೇ ನಡೆಯಿತು. ಅಲ್ಲಿ 1777ರಷ್ಟು ಹಿಂದೆಯೇ ಓಟ ಶುರುವಾಗಿತ್ತು. ಮದ್ರಾಸ್ ರೇಸ್ ಕ್ಲಬ್ ಹುಟ್ಟಿದ್ದು 1896ರಲ್ಲಿ. ಆದರೆ ಈ ಊರಿಗೂ ಕುದುರೆಗೂ ಇರುವ ನಂಟು ಗೆದ್ದ ಕಪ್ಪುಗಳ ಲೆಕ್ಕದಲ್ಲಿ ಮುಗಿಯುವಂಥದ್ದಲ್ಲ. ಗಬ್ಬ ನಿಂತೂ ಲೋಕ ಕಾಣದೆ ಹೋದ ಮರಿಗಳ ಲೆಕ್ಕವೂ ಒಂದಿದೆ. ಅದನ್ನು ಬರೆದಿಟ್ಟವರು ಕಡಿಮೆ.

ಹದಿಮೂರನೇ ಶತಮಾನದ ಕೊನೆಯಲ್ಲಿ ಈ ತೀರ ಕಂಡ ಮಾರ್ಕೊ ಪೋಲೊ, ಇಲ್ಲಿ ಎಂಥ ಉತ್ತಮ ಜೋಡಿಯನ್ನು ಕೂಡಿಸಿದರೂ ಹುಟ್ಟುವುದು ಕಾಲು ಸೊಟ್ಟಗಿರುವ, ಕೆಲಸಕ್ಕೆ ಬಾರದ ಮರಿ ಎಂದು ಬರೆದ. ದಕ್ಷಿಣದ ಹವೆ ಕುದುರೆಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಅಲ್ಲಿಂದ ಬಹುಕಾಲ ಗಟ್ಟಿಯಾಗಿ ನಿಂತಿತು. ವಿಜಯನಗರದ ಸಾಳುವ ನರಸಿಂಹ ಹೊರ್ಮುಜಿನ ಕುದುರೆಗಳಿಗೆ ಸುರಿದ ಹಣವನ್ನು ಪೋರ್ಚುಗೀಸ್ ವರ್ತಕ ನೂನಿಜ್ ವರ್ಣಿಸಿದ್ದಾನೆ: ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ರಾಜ ಬೆಲೆ ಕೊಡುತ್ತಿದ್ದನಂತೆ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯದಂಥ ಗ್ರಂಥವಿದ್ದ ನಾಡು ನಮ್ಮದು. ಆದರೂ ಸೈನ್ಯದ ಕುದುರೆ ಮಾತ್ರ ಕಡಲಾಚೆಯಿಂದಲೇ ಬರಬೇಕಿತ್ತು. ಕಂಪನಿ ಕಾಲದಲ್ಲಿ ಆಸ್ಟ್ರೇಲಿಯಾದ ಕುದುರೆಗಳು ಬಂದರಿಲ್ಲದ ಮದರಾಸಿನ ಅಲೆಗಳ ನಡುವೆ ದಡ ಸೇರಿದವು. ಇಲ್ಲೇ ಮರಿ ಹುಟ್ಟಿಸುವ ಪ್ರಯತ್ನವೂ ನಡೆಯದೆ ಇರಲಿಲ್ಲ. ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ, 1824ರಲ್ಲಿ ಹೊಸೂರಿನ ಮತ್ತಿಗಿರಿಯಲ್ಲಿ, ಕನ್ನಡ ಮಾತಾಡುವ ಹಳ್ಳಿಗಳ ಮಗ್ಗುಲಲ್ಲೇ ಕುದುರೆ ಸಾಕಣೆಯ ಕ್ಷೇತ್ರಗಳು ಎದ್ದವು. ಅಲ್ಲೆಲ್ಲ ಕುದುರೆ ಕಂದು ಹಾಕಿದರೆ ದೂರುವುದಕ್ಕೆ ಬಿಸಿಲಿತ್ತು, ನೀರಿತ್ತು, ದೃಷ್ಟಿಯಿತ್ತು.

ಮದರಾಸಿನ ವೇಪೇರಿಯ ಪಶುವೈದ್ಯ ಕಾಲೇಜು 1903ರಲ್ಲಿ ಬಾಗಿಲು ತೆರೆದಾಗ ಈ ಮಬ್ಬು ಸರಿಯುವ ಕಾಲ ಬಂದಿತ್ತು. 1958ರಲ್ಲಿ ಬೆಂಗಳೂರಿನ ಹೆಬ್ಬಾಳದ ಕಾಲೇಜು ಆರಂಭವಾಗುವವರೆಗೆ ದಕ್ಷಿಣ ಕನ್ನಡದ ಹುಡುಗರಿಗೂ ದನದ ಡಾಕ್ಟರಾಗಲು ವೇಪೇರಿಯೇ ದಾರಿ. ಕುದುರೆ ಕಂದು ಹಾಕಲು ಒಂದು ಜಾತಿಯ ಸಾಲ್ಮೊನೆಲ್ಲಾ ಕಾರಣವೆಂದು ಅಮೆರಿಕದಲ್ಲಿ 1893ರಲ್ಲೇ ಗೊತ್ತಾಗಿತ್ತು. 1930ರ ದಶಕದ ಆರಂಭದಲ್ಲಿ ಕೆಂಟಕಿಯ ಸಂಶೋಧಕರಾದ ಡಿಮಾಕ್ ಮತ್ತು ಎಡ್ವರ್ಡ್ಸ್ ಇದರ ಹಿಂದೆ ವೈರಾಣುವೂ ಇರಬಹುದೆಂದು ಶಂಕಿಸಿದರು; ಇಂದು ಅದನ್ನು ಕುದುರೆಯ ಹರ್ಪಿಸ್ ವೈರಾಣು ಎನ್ನುತ್ತೇವೆ. ಅದರ ಕ್ರೌರ್ಯ ಎಂಥದ್ದೆಂದರೆ, ತಾಯಿಗೆ ನೆಗಡಿಯ ಸುಳಿವೂ ಇರುವುದಿಲ್ಲ. ಏಳನೇ ತಿಂಗಳು ದಾಟಿದ ಮೇಲೆ ಒಂದು ರಾತ್ರಿ ತುಂಬಿದ ಮರಿ ಲಾಯದ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಒಮ್ಮೆ ಮೈಹೊಕ್ಕ ವೈರಾಣು ಜೀವನಪೂರ್ತಿ ಅಡಗಿದ್ದು, ಲಾರಿಯ ದೂರ ಪ್ರಯಾಣದಂಥ ಬಳಲಿಕೆಗೆ ಮತ್ತೆ ಎಚ್ಚರಗೊಳ್ಳಬಹುದು. ಬಿದ್ದ ಮರಿ ಮತ್ತು ಮಾಸನ್ನು ಮುಟ್ಟಿದ ಕೈ, ತುಳಿದ ಬೂಟು ಪಕ್ಕದ ಲಾಯಕ್ಕೂ ರೋಗ ಒಯ್ಯಬಲ್ಲವು. ಗಬ್ಬದ ಐದು, ಏಳು, ಒಂಬತ್ತನೇ ತಿಂಗಳಿಗೆ ಲಸಿಕೆ ಹಾಕಿಸುವ ಪದ್ಧತಿ ಹೀಗೆ ಬಂತು. ಅದು ಅಪಾಯ ತಗ್ಗಿಸುತ್ತದೆ, ಪೂರ್ತಿ ಕಾಯುವುದಿಲ್ಲ. 1985ರಲ್ಲಿ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಸ್ಥಾಪನೆಯಾದ ಮೇಲೆ ನಮ್ಮದೇ ನೆಲದ ವೈರಾಣುವಿನಿಂದ ಲಸಿಕೆ ಸಿದ್ಧವಾದದ್ದು ದೊಡ್ಡ ಗಳಿಕೆ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತಿರುವು 1980ರಲ್ಲಿ ಫ್ರಾನ್ಸಿನಿಂದ ವರದಿಯಾದ ಅಲ್ಟ್ರಾಸೌಂಡ್ ಪರೀಕ್ಷೆ. ಅಲ್ಲಿಯವರೆಗೆ ಸೋಂಕಿಲ್ಲದ ಗರ್ಭನಷ್ಟಗಳಲ್ಲಿ ಅವಳಿಯದೇ ಮೇಲುಗೈ. ಕುದುರೆಯ ಮಾಸು ಗರ್ಭಕೋಶದ ಒಳಮೈಗೆಲ್ಲ ಹಬ್ಬಿ ಅಂಟಬೇಕು. ಇಬ್ಬರು ಆ ಜಾಗ ಹಂಚಿಕೊಂಡರೆ ಇಬ್ಬರಿಗೂ ಅರೆಹೊಟ್ಟೆ. ತಿಂಗಳುಗಟ್ಟಲೆ ಕಾದು, ಕೊನೆಗೆ ಎರಡನ್ನೂ ಕಳೆದುಕೊಳ್ಳುವುದೇ ಹೆಚ್ಚು. ಈಗ ಹದಿನಾಲ್ಕನೇ ದಿನದ ಹೊತ್ತಿಗೆ ಪರದೆಯ ಮೇಲೆ ಗೋಲಿಯಷ್ಟು ಕಪ್ಪು ಉಂಡೆ ಕಾಣುತ್ತದೆ. ಹದಿನಾರನೇ ದಿನದವರೆಗೆ ಅದು ಗರ್ಭಕೋಶದೊಳಗೆ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ. ಎರಡು ಕಂಡರೆ, ಅವು ನೆಲೆ ನಿಲ್ಲುವ ಮುನ್ನ ವೈದ್ಯರು ಒಂದನ್ನು ಬೆರಳ ತುದಿಯಲ್ಲಿ ಒತ್ತಿ ಒಡೆದು ಇನ್ನೊಂದನ್ನು ಉಳಿಸುತ್ತಾರೆ. ಈ ಗಡುವು ತಪ್ಪಿದರೆ ಕಷ್ಟ: ಸುಮಾರು 35 ದಿನ ಕಳೆದ ಮೇಲೆ ಗರ್ಭ ಹೋದರೂ, ಅದು ಬಿಟ್ಟ ಹಾರ್ಮೋನು ಕುದುರೆಯನ್ನು ಬೆದೆಗೆ ಬರಲು ಬಿಡುವುದಿಲ್ಲ, ಆ ವರ್ಷವೇ ಕೈತಪ್ಪುತ್ತದೆ. ನಾಲ್ಕು ದಶಕಗಳಲ್ಲಿ ಅವಳಿಯ ಶೋಕವನ್ನು ಇಷ್ಟು ತಗ್ಗಿಸಿದ್ದು ಪಶುವೈದ್ಯದ ಹೆಮ್ಮೆ.

ಎಲ್ಲವೂ ಕೈಗೆ ಬಂದಿಲ್ಲ. ಕೆಳಗಿನಿಂದ ಏರಿ ಮಾಸಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಸೋಂಕು ಇನ್ನೂ ಕಾಡುತ್ತದೆ. ತಿಂಗಳು ತುಂಬುವ ಮುನ್ನವೇ ಕೆಚ್ಚಲು ಬಿಟ್ಟು ಹಾಲು ತೊಟ್ಟಿಕ್ಕಿದರೆ ಅದೇ ಮೊದಲ ಸೂಚನೆ. ಪಶುವೈದ್ಯ ಕ್ಯಾಸ್ಲಿಕ್ 1937ರಲ್ಲಿ ವಿವರಿಸಿದ, ಯೋನಿದ್ವಾರಕ್ಕೆ ಹಾಕುವ ಸಣ್ಣ ಹೊಲಿಗೆ ಇಂದಿಗೂ ಆ ಬಾಗಿಲು ಕಾಯುತ್ತಿದೆ. ಹೊಕ್ಕುಳಬಳ್ಳಿ ಅತಿಯಾಗಿ ತಿರುಚಿಕೊಂಡರೆ ಮಾಡಲು ಏನೂ ಇಲ್ಲ. ವಯಸ್ಸಾದ ಕುದುರೆಯ ಗರ್ಭ ಮೊದಲ ವಾರಗಳಲ್ಲೇ ಸದ್ದಿಲ್ಲದೆ ಕರಗುವುದು ಹೆಚ್ಚು. 2001ರ ವಸಂತದಲ್ಲಿ ಕೆಂಟಕಿಯ ಶ್ರೀಮಂತ ಸ್ಟಡ್ ಫಾರಂಗಳಲ್ಲೇ ಕುದುರೆಗಳು ಸಾಲುಸಾಲಾಗಿ ಕಂದು ಹಾಕಿದವು. ತನಿಖೆ ಹೋಗಿ ನಿಂತದ್ದು ಹುಲ್ಲಿನ ಜೊತೆ ಹೊಟ್ಟೆ ಸೇರಿದ ಕಂಬಳಿಹುಳುವಿನ ಬಳಿ.

ಆದರೆ ನನ್ನನ್ನು ಕಾಡುವ ನಷ್ಟ ಬೇರೆ. ಈ ವಿದ್ಯೆ ಕಲಿತಾಗ ಅದು ಎಲ್ಲ ಲಾಯಗಳಿಗೂ ಮುಟ್ಟುತ್ತದೆ ಎಂಬ ಭರವಸೆಯಿತ್ತು. ಮುಟ್ಟಿದ್ದು ಬಹುಪಾಲು ಬೆಲೆಬಾಳುವ ತಳಿಗೆ. ಮದರಾಸಿನ ಜಟಕಾ ಎಳೆದ ತಟ್ಟುಗಳು ಹೊರಟುಹೋದವು. ಅವುಗಳಲ್ಲಿ ಎಷ್ಟು ಗಾಡಿಗೆ ಹೂಡಿದ್ದಾಗಲೇ ಮರಿ ಕಳೆದುಕೊಂಡವೋ ಯಾರೂ ಎಣಿಸಲಿಲ್ಲ. ಮರೀನಾದ ಮರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಡೆಯುವ ಕುದುರೆಗಳು ಇಂದಿಗೂ ಇವೆ. ಅವುಗಳಲ್ಲೊಂದು ಗಬ್ಬವಾದರೆ ಹದಿನಾಲ್ಕನೇ ದಿನದ ಪರೀಕ್ಷೆಯ ಖರ್ಚು ಯಾರು ಹೊರಬೇಕು? ಹನ್ನೊಂದು ತಿಂಗಳ ಗರ್ಭದಲ್ಲಿ ಕೊನೆಯ ತಿಂಗಳುಗಳ ದುಡಿಮೆ ಬಿಡಿಸಿದರೆ ಆ ಮನೆಯ ಒಲೆ ಹೇಗೆ ಉರಿಯಬೇಕು?

ಗಿಂಡಿಯ ನೆಲ ಉದ್ಯಾನವಾಗಲಿ, ಕೆರೆಯಾಗಲಿ, ನನ್ನ ತಕರಾರಿಲ್ಲ. ಆದರೆ ರೇಸಿನ ಹಣದ ಆಸರೆಯಲ್ಲಿ ಬೆಳೆದ ಕುದುರೆ ವೈದ್ಯ ಅದರೊಂದಿಗೇ ಊರು ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರ ಕುದುರೆಗಳಿಗೆ ವಾರಕ್ಕೊಂದು ದಿನ ಉಚಿತ ಸ್ಕ್ಯಾನ್ ಇರಲಿ, ಲಸಿಕೆ ಇರಲಿ. ಕಂದು ಹಾಕಿದ ಮರಿಯನ್ನು ಹೂಳುವ ಮುನ್ನ ಅದನ್ನೂ ಪೂರ್ತಿ ಮಾಸನ್ನೂ ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುವ ಗಾಡಿಯೊಂದು ಇರಲಿ. ಅದರ ಬಾಡಿಗೆಯನ್ನು ಕುದುರೆ ಸಾಕಿದವನಿಂದ ಕೇಳದಿರಲಿ.