ಬಾವಿಗೆ ಬಿದ್ದವಳೇ ಯಾಕೆ ನಮಗೆ ದೊಡ್ಡವಳು?

ಕನ್ನಡದ ಹಳೆಯ ಸಣ್ಣಕಥೆಗಳು ಗಂಡಾಳ್ವಿಕೆಗೆ ಎದುರು ನಿಂತ ಹೆಣ್ಣನ್ನು ಕೊಟ್ಟವು ಎಂಬ ಮಾತನ್ನು ಗೋಷ್ಠಿಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಉದಾಹರಣೆಗೆ ‘ಆನಂದ’ರ, ಅಂದರೆ ಅಜ್ಜಂಪುರ ಸೀತಾರಾಂ ಅವರ, ‘ನಾನು ಕೊಂದ ಹುಡುಗಿ’ ಬಂದೇ ಬರುತ್ತದೆ. ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿ. ಮನೆಗೆ ಬಂದ ಓದಿದ ಅತಿಥಿಯ ಬಳಿ ಬರುತ್ತಾಳೆ. ಆತ ಅವಳನ್ನು ಮುಟ್ಟುವುದಿಲ್ಲ, ಇದು ಪಾಪ ಎಂದು ಬುದ್ಧಿ ಹೇಳುತ್ತಾನೆ. ಅವಳು ಬಾವಿಗೆ ಬೀಳುತ್ತಾಳೆ. ಇವಳು ಎದುರಿಸಿದ್ದು ಯಾರನ್ನು? ಸತ್ತದ್ದು ಅವಳು. ಪಶ್ಚಾತ್ತಾಪದ ಹಿರಿಮೆ ಸಿಕ್ಕಿದ್ದು ಅವನಿಗೆ.

ವರ್ಷಗಳ ಹಿಂದೆ ಕೂಡ್ಲಿಗಿ ಕಡೆಯ ಒಂದು ತರಗತಿಯಲ್ಲಿ ಈ ಕಥೆ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಸರ್, ಅವಳ ಹತ್ರ ಬರ್ತಿದ್ದೋರು ಏನಾದ್ರು?” ಎಂದಳು. ನನ್ನ ಬಾಯಿ ಕಟ್ಟಿತು. ದುಪಟ್ಟಾ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವಳು ಕೂತಳು. ಅವಳ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರಿತ್ತು, ಯಾರೋ ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅದನ್ನು ನಾನು ನೋಡಿದ್ದು ಆಮೇಲೆ.

ಅವಳ ಪ್ರಶ್ನೆಯನ್ನು ನಮ್ಮ ಕಾನೂನೂ ಕೇಳಲಿಲ್ಲ. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಲ್ಲಿ ಮುತ್ತು ಕಟ್ಟಿ ಹೆಣ್ಣನ್ನು ದೇವದಾಸಿ ಮಾಡಿದವರಿಗೆ 3 ವರ್ಷದವರೆಗೆ ಸಜೆ ಇತ್ತು. ಹೆತ್ತವರೋ ಪೋಷಕರೋ ಆದರೆ 5 ವರ್ಷದವರೆಗೆ. ಕೇರಿಯ ಬಡ ತಾಯಿಗೆ ಹೆಚ್ಚಿನ ಶಿಕ್ಷೆ. ಮುತ್ತು ಕಟ್ಟಿಸಿಕೊಂಡವಳನ್ನು ಇಟ್ಟುಕೊಂಡ ಗೌಡನಿಗೆ, ಸಾಹುಕಾರನಿಗೆ? ಇಟ್ಟುಕೊಂಡದ್ದಕ್ಕೆ ಅದರಲ್ಲಿ ಒಂದು ಕಲಮೂ ಇರಲಿಲ್ಲ. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ಸರ್ಕಾರ ಎಣಿಸಿದ್ದು 46,660 ಹೆಂಗಸರನ್ನು. ಅವರ ಹೆಸರು, ಊರು, ವಯಸ್ಸು ಎಲ್ಲ ಬರೆದುಕೊಂಡರು. ಅವರ ಮನೆಗೆ ರಾತ್ರಿ ಹೋದ ಗಂಡಸರನ್ನು ಎಣಿಸಲು ಮಾತ್ರ ಯಾರೂ ಹೊರಡಲಿಲ್ಲ. 46,660 ಹೆಂಗಸರು, ಗಂಡಸು ಒಬ್ಬನೂ ಇಲ್ಲ! 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಅಪ್ಪನನ್ನು ಗುರುತಿಸುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿತು. ಅಷ್ಟಕ್ಕೇ 43 ವರ್ಷ ಬೇಕಾಯಿತು.

2021ರಲ್ಲಿ ಈ ಕಡೆಗೆ ವಿಜಯನಗರ ಎಂಬ ಹೊಸ ಜಿಲ್ಲೆ ಬಂತು. ಆದರೂ ಹರಪನಹಳ್ಳಿ, ಹಡಗಲಿಯ ಮುದುಕಿಯರು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು ಹಿಡಿದು, ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ ಅನ್ನಿಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿಲ್ಲ. ಉಚ್ಚಂಗಿದುರ್ಗದ ಗುಡ್ಡಕ್ಕೆ ಭರತ ಹುಣ್ಣಿಮೆಗೆ, ಮುತ್ತು ಕಟ್ಟುವುದನ್ನು ತಡೆಯಲೆಂದು, ಪೊಲೀಸರನ್ನು ನಿಲ್ಲಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿದ ಆಡಳಿತ ಇದು. ಹಬ್ಬದ ಮರುದಿನ ಈ ಹೆಂಗಸರ ಗತಿ ಏನೆಂದು ಕೇಳುವವರಿಲ್ಲ.

ಎದುರು ನಿಂತವಳು ಬೇಕೆಂದರೆ ವೈದೇಹಿಯವರ ‘ಅಕ್ಕು’ವನ್ನು ಓದಿ. ಹುಚ್ಚಿ ಎಂದು ಮನೆಯೇ ಕರೆದರೂ ಅವಳು ಬಾಯಿ ಮುಚ್ಚುವುದಿಲ್ಲ. ಬಾನು ಮುಷ್ತಾಕ್ ಅವರ ಹೆಂಗಸರನ್ನು ಓದಿ. 2025ರ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಹಾರ ಹಾಕಿದ ಎಷ್ಟು ಮಂದಿ ಅವರನ್ನು ಮೊದಲೇ ಪಾಠಕ್ಕಿಟ್ಟಿದ್ದರು?

ಹಡಗಲಿ ಕಡೆಯ ಒಬ್ಬ ತಾಯಿಗೆ ಆ ಬಾವಿಯ ಕಥೆಯನ್ನು ನಾನೇ ಹೇಳಿದೆ. ತನ್ನ ಕೊರಳಿಗೆ ಮುತ್ತೆಂದು ಕಟ್ಟಿದ್ದ ಕೆಂಪು-ಬಿಳಿ ಮಣಿಸರವನ್ನು ತಾನೇ ಹರಿದು ಹಾಕಿ, ಕೂಲಿ ಮಾಡಿ, ಮೂರು ಮಕ್ಕಳನ್ನು ಓದಿಸಿದವಳು. ಶೇಂಗಾ ಸುಲಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: “ಬಾವಿಗೆ ಬೀಳಾಕ ನಾವೇನ್ ತಪ್ಪು ಮಾಡೀವ್ರೀ ಮೇಷ್ಟ್ರೇ?”